ಎಡಗಿಟಕಿಯೋ, ಬಲಗಿಟಕಿಯೋ?

ಬಸ್ಸು ಬಂದು ಸರಿಯಾಗಿ ನಿಲ್ಲುವುದಕ್ಕೆ ಮೊದಲೇ ಕಿಟಕಿಯೊಳಕ್ಕೆ ಟವಲು ತೂರಿಸಿ ಸ್ಥಳ ಹಿಡಿಯುವ ವಿದ್ಯೆಯನ್ನು ನಮ್ಮ ನಾಡಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ಘಾಟಿ ಇಳಿಯುವಾಗ ಕಣಿವೆ ಯಾವ ಪಕ್ಕಕ್ಕೆ ಬರುವುದು, ಮಧ್ಯಾಹ್ನದ ಬಿಸಿಲು ಯಾವ ಪಕ್ಕದವರ ಮುಖಕ್ಕೆ ಹೊಡೆಯುವುದು ಎಂಬುದು ಆ ದಾರಿಯಲ್ಲಿ ನಾಲ್ಕು ಸಲ ಓಡಾಡಿದ ಹುಡುಗನಿಗೂ ತಿಳಿದಿರುತ್ತದೆ. ಆದರೆ ಅದೇ ಜನ ವಿಮಾನವೇರುವ ದಿನ ಈ ವಿವೇಕವನ್ನೆಲ್ಲ ಮನೆಯಲ್ಲಿಯೇ ಬಿಟ್ಟು ಹೊರಡುವುದು ವಿಚಿತ್ರ. ಟಿಕೆಟ್ಟಿನ ದರವನ್ನು ವಾರಗಟ್ಟಲೆ ಅಳೆದು ಸುರಿದು ನೋಡುತ್ತಾರೆ. ಪೆಟ್ಟಿಗೆಯನ್ನು ತೂಕದ ಯಂತ್ರದ ಮೇಲೆ ಎರಡು ಬಾರಿ ಇರಿಸುತ್ತಾರೆ. ಚಕ್ಕುಲಿಯ ಡಬ್ಬಿ ಯಾವ ಚೀಲಕ್ಕೆ ಸೇರಬೇಕೆಂದು ಮನೆಮಂದಿಯೆಲ್ಲ ಕೂಡಿ ಚರ್ಚಿಸುತ್ತಾರೆ. ಕುಳಿತುಕೊಳ್ಳುವ ಸ್ಥಳ ಮಾತ್ರ ಯಂತ್ರ ಕೊಟ್ಟದ್ದೇ ಪ್ರಸಾದ. "ಕಿಟಕಿ ಸಿಕ್ಕಿತು" ಎಂಬಲ್ಲಿಗೆ ಸಂತೋಷ ಮುಗಿಯಿತು. ಆ ಕಿಟಕಿಯ ಹೊರಗಿರುವುದು ಹಿಮಾಲಯವೋ, ವಿಮಾನದ್ದೇ ರೆಕ್ಕೆಯೋ ಎಂಬುದು ಮೇಲೇರಿದ ಮೇಲೆ ತಿಳಿಯುವ ಸಂಗತಿ.

ಇದನ್ನು ಅದೃಷ್ಟಕ್ಕೆ ಬಿಡಬೇಕಾದ ಕಾರಣವೇ ಇಲ್ಲ. ಬೇಕಾಗುವ ಶಾಸ್ತ್ರವೆಲ್ಲ ಪ್ರಾಥಮಿಕ ಶಾಲೆಯ ಅಂಗಳದಲ್ಲಿ ಕಲಿತದ್ದೇ. ಮೂಡಣಕ್ಕೆ ಮುಖಮಾಡಿ ನಿಂತರೆ ಎಡಗೈಗೆ ಬಡಗಣ, ಬಲಗೈಗೆ ತೆಂಕಣ, ಬೆನ್ನಿಗೆ ಪಡುವಣ. ಸಂಸ್ಕೃತದಲ್ಲಿ 'ದಕ್ಷಿಣ'ವೆಂದರೆ ಬಲಗಡೆ ಎಂಬ ಅರ್ಥವೂ ಇರುವುದು ಇದರಿಂದಲೇ. ದೇವರನ್ನು ಬಲಕ್ಕಿಟ್ಟುಕೊಂಡು ಸುತ್ತುವುದಕ್ಕೆ ಪ್ರದಕ್ಷಿಣೆಯೆಂಬ ಹೆಸರು ಬಂದದ್ದೂ ಹಾಗೆಯೇ. ವಿಮಾನವೂ ತಾನು ಹೋಗುವ ದಿಕ್ಕಿಗೆ ಮುಖಮಾಡಿ, ಎರಡು ಕೈ ಚಾಚಿ ನಿಂತ ಹುಡುಗನಂತೆಯೇ. ಪೂರ್ವಕ್ಕೆ ಹಾರುವಾಗ ಎಡಗಿಟಕಿಗೆ ಉತ್ತರ. ಪಶ್ಚಿಮಕ್ಕೆ ಹಾರುವಾಗ ಅದೇ ಎಡಗಿಟಕಿಗೆ ದಕ್ಷಿಣ. ಉತ್ತರಕ್ಕೆ ಹೊರಟರೆ ಎಡಕ್ಕೆ ಪಶ್ಚಿಮ, ದಕ್ಷಿಣಕ್ಕೆ ಮರಳಿದರೆ ಎಡಕ್ಕೆ ಪೂರ್ವ. ಟಿಕೆಟ್ಟಿನಲ್ಲಿ 'ಎ' ಅಕ್ಷರದ ಸ್ಥಾನವು ಎಡಗಿಟಕಿಯದು. ನಮ್ಮ ದೇಶದೊಳಗೆ ಹೆಚ್ಚಾಗಿ ಹಾರುವ, ಆರು ಸ್ಥಾನಗಳ ಸಾಲಿನ ವಿಮಾನಗಳಲ್ಲಿ 'ಎಫ್' ಅಕ್ಷರದ್ದು ಬಲಗಿಟಕಿ. ಹೊರಡುವ ಮುನ್ನ ಮನೆಯ ಗೋಡೆಯ ಮೇಲಿನ ಭೂಪಟದಲ್ಲಿ ಎರಡು ಊರುಗಳ ನಡುವೆ ಒಂದು ಅಳತೆಪಟ್ಟಿಯನ್ನಿರಿಸಿ ನೋಡಿದರೆ ಮುಕ್ಕಾಲು ಪಾಲು ಕೆಲಸ ಮುಗಿದಂತೆ. ಮಕ್ಕಳಿರುವ ಮನೆಯಲ್ಲಿ ಈ ಕೆಲಸವನ್ನು ಅವರಿಗೇ ವಹಿಸಬಹುದು.

ಈ ಎಡಬಲದ ವಿಚಾರವು ಎಲ್ಲಕ್ಕಿಂತ ಹೆಚ್ಚಾಗಿ ಫಲಿಸುವುದು ದೆಹಲಿಯಿಂದ ಪೂರ್ವಕ್ಕೆ ಹೋಗುವ ದಾರಿಗಳಲ್ಲಿ. ಪಶುಪತಿನಾಥನ ದರ್ಶನಕ್ಕೆಂದು ಕಾಠ್ಮಂಡುವಿಗೆ, ಡಾರ್ಜಿಲಿಂಗ್ ನೋಡಲೆಂದು ಬಾಗ್ಡೋಗ್ರಾಕ್ಕೆ, ಕಾಮಾಖ್ಯೆಗೆಂದು ಗುವಾಹಟಿಗೆ ಹೊರಟ ಕನ್ನಡದ ಕುಟುಂಬಗಳು ಬೆಂಗಳೂರಿನಿಂದ ದೆಹಲಿಗೆ ಬಂದು ಅಲ್ಲಿಂದ ವಿಮಾನ ಬದಲಾಯಿಸುವುದುಂಟು. ಈ ಮೂರು ದಾರಿಗಳೂ ಹೆಚ್ಚುಕಡಿಮೆ ಪೂರ್ವಾಭಿಮುಖ. ಹಿಮಾಲಯವು ಉತ್ತರದಲ್ಲಿ ದಾರಿಗೆ ಸಮನಾಗಿ ಸಾಲುಗಟ್ಟಿ ನಿಂತಿದೆ. ಆದ್ದರಿಂದ ಹೋಗುವಾಗ ಎಡಗಿಟಕಿ, ಬರುವಾಗ ಬಲಗಿಟಕಿ. ಇದರಲ್ಲಿ ಎರಡು ಮಾತಿಲ್ಲ. ಪರ್ವತರಾಜನನ್ನು ಎಡಕ್ಕಿಟ್ಟುಕೊಂಡು ಹೋಗುವುದು ಅಪ್ರದಕ್ಷಿಣೆಯಾಯಿತಲ್ಲ ಎಂದು ಆಚಾರವಂತರು ಅಳುಕಬೇಕಾಗಿಲ್ಲ. ಮರಳಿ ಬರುವಾಗ ಅದು ತಾನಾಗಿಯೇ ಸರಿಹೋಗುತ್ತದೆ.

ಎಡಗಿಟಕಿಯವರಿಗೆ ದೊರೆಯುವುದು ಸಾಮಾನ್ಯ ಸಂಪತ್ತಲ್ಲ. ಜಗತ್ತಿನಲ್ಲಿ ಎಂಟು ಸಾವಿರ ಮೀಟರಿಗಿಂತ ಎತ್ತರವಾದ ಶಿಖರಗಳು 14. ಅವುಗಳಲ್ಲಿ 8 ನೇಪಾಳದ ಒಳಗೆ ಅಥವಾ ಅದರ ಗಡಿಯ ಮೇಲೆ ಇವೆ; ಎಂಟೂ ಈ ಸಾಲಿನಲ್ಲಿಯೇ. ದೆಹಲಿ ಬಿಟ್ಟ ಸ್ವಲ್ಪ ಹೊತ್ತಿಗೆ, ಆಕಾಶ ನಿರ್ಮಲವಾಗಿದ್ದರೆ, ಎಡಗಡೆ ದೂರದಲ್ಲಿ ಗಢವಾಲ ಮತ್ತು ಕುಮಾವೂಂ ಪ್ರಾಂತದ ಹಿಮಶಿಖರಗಳು ಕಾಣತೊಡಗುತ್ತವೆ. ಅವುಗಳ ನಡುವೆ 7816 ಮೀಟರ್ ಎತ್ತರದ ನಂದಾದೇವಿ. ಅನಂತರ ಪಶ್ಚಿಮದಿಂದ ಪೂರ್ವಕ್ಕೆ ಧವಳಗಿರಿ, ಅನ್ನಪೂರ್ಣಾ, ಮನಾಸ್ಲು ಒಂದರ ಹಿಂದೆ ಒಂದರಂತೆ ಸರಿದು ಬರುತ್ತವೆ. ಕಾಠ್ಮಂಡುವಿಗೆ ಹೋಗುವ ವಿಮಾನ ಇಷ್ಟರಲ್ಲಿ ಇಳಿಯತೊಡಗುತ್ತದೆ. ಬಾಗ್ಡೋಗ್ರಾದತ್ತ ಹೋಗುವವರಿಗೆ ಇನ್ನೂ ಮುಂದಿನ ಅಧ್ಯಾಯಗಳುಂಟು: ಗೌರೀಶಂಕರ, ಚೋ ಓಯು, ಎವರೆಸ್ಟ್, ಲ್ಹೋತ್ಸೆ, ಮಕಾಲು; ಕೊನೆಗೆ, ತನ್ನದೇ ಪರಿವಾರದೊಡನೆ ಬೇರೆಯಾಗಿ ನಿಂತ ಕಾಂಚನಜಂಗಾ. 8586 ಮೀಟರ್ ಎತ್ತರದ ಈ ಕೊನೆಯ ಶಿಖರಕ್ಕೂ ಬಾಗ್ಡೋಗ್ರಾ ನಿಲ್ದಾಣಕ್ಕೂ ಸುಮಾರು 115 ಕಿಲೋಮೀಟರ್ ಮಾತ್ರ ಅಂತರ.

ಹೆಸರುಗಳನ್ನು ಕೇಳಿ ಬಹಳ ದೊಡ್ಡದೊಂದು ದೃಶ್ಯವನ್ನು ನಿರೀಕ್ಷಿಸಿದವರಿಗೆ ಮೊದಲ ನೋಟದಲ್ಲಿ ಕೊಂಚ ನಿರಾಶೆಯಾಗುವುದುಂಟು. ವಿಮಾನ ಹಾರುವುದು ಹತ್ತು ಸಾವಿರ ಮೀಟರಿಗೂ ಮೇಲೆ, ಎಂದರೆ ಎವರೆಸ್ಟಿಗಿಂತಲೂ ಎತ್ತರದಲ್ಲಿ. ಪರ್ವತಗಳಿರುವುದು ನೂರು, ನೂರೈವತ್ತು ಕಿಲೋಮೀಟರ್ ಆಚೆಗೆ. ಆದ್ದರಿಂದ ಅವು ತಲೆಯೆತ್ತಿ ನೋಡುವ ಗೋಡೆಯಾಗಿ ಕಾಣದೆ, ದಿಗಂತದ ಅಂಚಿಗೆ ಹೊಲಿದ ಬೆಳ್ಳಿಯ ಜರಿಯಾಗಿ ಕಾಣುತ್ತವೆ. ಕೈಯನ್ನು ನೀಳವಾಗಿ ಚಾಚಿ ಹೆಬ್ಬೆರಳನ್ನು ಅಡ್ಡಲಾಗಿ ಹಿಡಿದರೆ ಆ ಹಿಮರಾಶಿಯ ಎತ್ತರವೆಲ್ಲ ಅದರ ಹಿಂದೆ ಅಡಗಿಹೋದೀತು. ಆದರೆ ಉದ್ದವನ್ನು ಮುಚ್ಚಲು ಯಾರ ಕೈಯೂ ಸಾಲದು. ಸುಮಾರು 10,700 ಮೀಟರ್ ಎತ್ತರದಿಂದ ನೋಡುವವನ ದಿಗಂತ 370 ಕಿಲೋಮೀಟರ್ ದೂರದಲ್ಲಿರುತ್ತದೆ; ಮಂಜುಮಸುಕಿಲ್ಲದ ದಿನ ಒಂದೇ ನೋಟಕ್ಕೆ ಸಿಕ್ಕುವ ಹಿಮಾಲಯದ ಉದ್ದ ಬೆಂಗಳೂರಿನಿಂದ ಹುಬ್ಬಳ್ಳಿಯವರೆಗಿನ ದಾರಿಗೂ ಮಿಗಿಲಾದದ್ದು.

ಅನೇಕರು ಅದನ್ನು ಮೋಡದ ಸಾಲೆಂದು ತಿಳಿದು ಮುಖ ತಿರುಗಿಸುವರು. ಮೋಡದ ನೆತ್ತಿ ಗುಂಡಗಿರುತ್ತದೆ, ನೋಡನೋಡುತ್ತಿದ್ದಂತೆ ಅಂಚು ಕರಗುತ್ತದೆ. ಶಿಖರದ ಅಂಚು ಕತ್ತರಿಸಿದಂತಿರುತ್ತದೆ, ಹತ್ತು ನಿಮಿಷ ಬಿಟ್ಟು ನೋಡಿದರೂ ಅದೇ ಆಕೃತಿ. ಇನ್ನು, ಬಿಳುಪಾಗಿ ಎತ್ತರವಾಗಿ ಕಂಡದ್ದನ್ನೆಲ್ಲ ಎವರೆಸ್ಟೆಂದು ಮಕ್ಕಳಿಗೆ ತೋರಿಸಿಬಿಡುವ ತಂದೆಯರಿದ್ದಾರೆ. 2020ರಲ್ಲಿ ನೇಪಾಳವೂ ಚೀನವೂ ಕೂಡಿ 8848.86 ಮೀಟರೆಂದು ಪ್ರಕಟಿಸಿದ ಆ ಶಿಖರ ದಕ್ಷಿಣದಿಂದ ನೋಡುವವರಿಗೆ ಅತಿ ಎತ್ತರವಾಗಿಯೂ ಅತಿ ಬಿಳುಪಾಗಿಯೂ ಕಾಣುವುದಿಲ್ಲ. ಅದರ ಮುಂದೆ ಲ್ಹೋತ್ಸೆ ಮತ್ತು ನುಪ್ತ್ಸೆಗಳ ಗೋಡೆ ಅಡ್ಡವಾಗಿ ನಿಂತಿದೆ. ಆ ಗೋಡೆಯ ಹಿಂದಿನಿಂದ ಇಣುಕುವ ಕಪ್ಪನೆಯ ಮುಮ್ಮೂಲೆಯೇ ಎವರೆಸ್ಟ್. ಮೇಲಿನ ಬಿರುಗಾಳಿ ಹಿಮವನ್ನು ನಿಲ್ಲಗೊಡದೆ ಗುಡಿಸಿಹಾಕುವುದರಿಂದ ಬಂಡೆಯ ಬಣ್ಣ ಹೊರಗೆ ಕಾಣುತ್ತದೆ. ಗುಡಿಸಿದ ಹಿಮವು ಬಹಳ ದಿನ ಶಿಖರದಿಂದ ಒಂದೇ ಕಡೆಗೆ ಹಾರುವ ಬಾವುಟದಂತೆ ತೋರುತ್ತದೆ. ಅದರ ಬಲಕ್ಕೆ, ಎಂದರೆ ಪೂರ್ವಕ್ಕೆ, ಬೇರೆಯಾಗಿ ನಿಂತು ಹೆಚ್ಚು ಭವ್ಯವಾಗಿ ಕಾಣುವುದು ಮಕಾಲು. ಎವರೆಸ್ಟಿಗೆ ಸಲ್ಲಬೇಕಾದ ಉದ್ಗಾರಗಳಲ್ಲಿ ಒಳ್ಳೆಯ ಪಾಲನ್ನು ಇದೇ ದೋಚಿಕೊಳ್ಳುತ್ತದೆ.

ಇಂದು ಮಡಿಲಲ್ಲಿ ಕಾಫಿಯ ಲೋಟವನ್ನಿಟ್ಟುಕೊಂಡು ನೋಡುವ ಈ ನೋಟಕ್ಕಾಗಿ ಒಂದು ಕಾಲದಲ್ಲಿ ಜನ ಪ್ರಾಣವನ್ನು ಪಣವಾಗಿಟ್ಟಿದ್ದರು. 1933ರ ಏಪ್ರಿಲ್ 3ರಂದು ಬಿಹಾರದ ಪೂರ್ಣಿಯಾದಿಂದ ಎರಡು ವೆಸ್ಟ್‌ಲ್ಯಾಂಡ್ ವಿಮಾನಗಳು ಮೇಲೆದ್ದು, ಸುಮಾರು 250 ಕಿಲೋಮೀಟರ್ ದೂರದ ಎವರೆಸ್ಟಿನ ನೆತ್ತಿಯ ಮೇಲೆ ಮೊತ್ತಮೊದಲ ಬಾರಿಗೆ ಹಾರಿ ಮರಳಿದವು. ಲೇಡಿ ಹ್ಯೂಸ್ಟನ್ ಎಂಬ ಶ್ರೀಮಂತ ಮಹಿಳೆ ಆ ಸಾಹಸಕ್ಕೆ ಹಣ ಒದಗಿಸಿದ್ದರು. ವಿದ್ಯುತ್ತಿನಿಂದ ಬೆಚ್ಚಗಾಗುವ ಉಡುಪು ತೊಟ್ಟು, ಆಮ್ಲಜನಕದ ಕೊಳವೆ ಕಚ್ಚಿಕೊಂಡು ಹೊರಟವರಲ್ಲಿ ಬಾನೆಟ್ ಎಂಬ ಛಾಯಾಗ್ರಾಹಕನು ತನ್ನ ಕೊಳವೆಯನ್ನೇ ಕಾಲಿನಿಂದ ತುಳಿದು ಒಡೆದುಕೊಂಡ. ಬಿರುಕಿಗೆ ಕರವಸ್ತ್ರ ಸುತ್ತಿ, ಅಷ್ಟರಲ್ಲಿ ಪ್ರಜ್ಞೆ ತಪ್ಪಿ ಬಿದ್ದ. ವಿಮಾನ ಕೆಳಗಿಳಿದ ಮೇಲೆ ಚೇತರಿಸಿಕೊಂಡ. ಅಂದು ಏಪ್ರಿಲ್ ತಿಂಗಳ ಧೂಳು ಬಹಳ ಎತ್ತರದವರೆಗೆ ಕವಿದಿದ್ದುದರಿಂದ ಚಿತ್ರಗಳು ಬೇಕಾದಷ್ಟು ಚೆನ್ನಾಗಿ ಬರಲಿಲ್ಲ. ಅದೇ ತಿಂಗಳ 19ರಂದು ಅವರು ಮತ್ತೊಮ್ಮೆ ಹಾರಬೇಕಾಯಿತು.

ಆ ಧೂಳು ಈಗಲೂ ಇದೆ. ಬೇಸಿಗೆಯ ರಜೆಯಲ್ಲಿ ಹೊರಡುವ ಕುಟುಂಬಗಳು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಯಲಿನ ಮೇಲಿನ ಮಸುಕು ಪರ್ವತಗಳ ಪಾದವನ್ನು ನುಂಗಿ ನೆತ್ತಿಯನ್ನಷ್ಟೇ ಬಿಟ್ಟಿರುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಮೋಡಗಳದೇ ರಾಜ್ಯ. ಮಳೆ ಆಕಾಶವನ್ನು ತೊಳೆದು ಹೋದ ಬಳಿಕ, ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ದಿನಗಳೇ ಉತ್ತಮ. ಮಧ್ಯಾಹ್ನದ ವೇಳೆಗೆ ಕಣಿವೆಗಳಿಂದ ಮೋಡವೇಳುವುದರಿಂದ ಬೆಳಗಿನ ವಿಮಾನ ಲೇಸು. ದಸರಾ ರಜೆಯ ಪ್ರಯಾಣಿಕರಿಗೆ ಈ ವಿಷಯದಲ್ಲಿ ಬೇಸಿಗೆಯವರಿಗಿಂತ ಪುಣ್ಯ ಹೆಚ್ಚು.

ಕಿಟಕಿ ಯಾವ ಪಕ್ಕದ್ದಿರಬೇಕೆಂಬುದು ತೀರ್ಮಾನವಾದರೂ, ಅಲ್ಲಿ ಯಾರು ಕುಳಿತುಕೊಳ್ಳಬೇಕೆಂಬುದು ಉಳಿಯುತ್ತದೆ. ಇದು ಭೂಗೋಳಕ್ಕಿಂತ ಕಠಿಣವಾದ ವಿಷಯ. ಹತ್ತು ಕುಟುಂಬಗಳಲ್ಲಿ ಎಂಟರಲ್ಲಿ ನಡೆಯುವುದು ಒಂದೇ. ಮೂರು ಸ್ಥಾನಗಳ ಸಾಲಿಗೆ ಅಜ್ಜಿ, ಸೊಸೆ, ಮೊಮ್ಮಗ ಬಂದು ನಿಲ್ಲುತ್ತಾರೆ. "ಅತ್ತೆ, ನೀವು ಒಳಗೆ ಹೋಗಿ, ಕಿಟಕಿಯ ಹತ್ತಿರ ಕೂತುಕೊಳ್ಳಿ" ಎಂದು ಸೊಸೆ ಕರೆಯುತ್ತಾಳೆ. "ನನಗೇಕಮ್ಮ ಕಿಟಕಿ? ಮಗು ಕೂತುಕೊಳ್ಳಲಿ, ಅವನಿಗೆ ಆಸೆ" ಎಂದು ಮುದುಕಿ ಹಿಂಜರಿಯುತ್ತಾರೆ. ಹಿಂದೆ ನಿಂತ ಪ್ರಯಾಣಿಕರು ಅವಸರಪಡಿಸುತ್ತಾರೆ. ಮಗು ಒಳಗೆ ನುಗ್ಗುತ್ತದೆ. ವಿಮಾನ ಮೇಲೇರಿದ ಕಾಲು ಗಂಟೆಯವರೆಗೆ ಅದು ಹೊರಗೆ ನೋಡಿ, ಅನಂತರ ಮೊಬೈಲಿನ ಆಟದಲ್ಲಿ ಮುಳುಗಿ, ಧವಳಗಿರಿ ಬರುವ ಹೊತ್ತಿಗೆ ನಿದ್ದೆಹೋಗಿರುತ್ತದೆ. ಬಿಸಿಲೆಂದು ಯಾರೋ ಕಿಟಕಿಯ ಮುಚ್ಚಳವನ್ನು ಎಳೆದಿರುತ್ತಾರೆ. ಹುಟ್ಟಿದಂದಿನಿಂದ ಹರಿಕಥೆಯಲ್ಲಿ, ಹಾಡಿನಲ್ಲಿ, ಸಂಕಲ್ಪದ ಮಂತ್ರದಲ್ಲಿ ಹಿಮವಂತನ ಹೆಸರು ಕೇಳುತ್ತ ಬಂದ ಎಪ್ಪತ್ತೈದರ ಆ ಹೆಂಗಸು ಅವನಿಂದ ನೂರು ಚಿಲ್ಲರೆ ಕಿಲೋಮೀಟರ್ ದೂರದಲ್ಲಿ, ಮುಂದಿನ ಆಸನದ ಬೆನ್ನನ್ನು ನೋಡುತ್ತ, ಕೈಚೀಲವನ್ನು ಮಡಿಲಲ್ಲಿ ಭದ್ರವಾಗಿ ಹಿಡಿದುಕೊಂಡು ಹೋಗುತ್ತಾರೆ. ಮಗುವಿಗೆ ಈ ದಾರಿ ಇನ್ನೂ ಹತ್ತು ಬಾರಿ ಸಿಕ್ಕೀತು. ಅವರು ಬೇಡವೆಂದದ್ದು ಬೇಡದೆ ಅಲ್ಲ, ಅಭ್ಯಾಸದಿಂದ.

ಈ ತೊಡಕನ್ನು ಉಪಚಾರದ ಮಾತಿನಿಂದ ಬಿಡಿಸುವುದಕ್ಕಿಂತ ಟಿಕೆಟ್ಟಿನಿಂದ ಬಿಡಿಸುವುದು ಸುಲಭ. ನಾಲ್ವರ ಕುಟುಂಬವು ಒಂದೇ ಸಾಲಿನಲ್ಲಿ ಮೂವರನ್ನು ಕೂರಿಸಿ ನಾಲ್ಕನೆಯವರನ್ನು ದಾರಿಯಾಚೆಗೆ ದಬ್ಬುವ ಬದಲು, ಒಂದರ ಹಿಂದೊಂದು ಸಾಲಿನಲ್ಲಿ 'ಎ' ಮತ್ತು 'ಬಿ' ಸ್ಥಾನಗಳನ್ನು ಹಿಡಿದರೆ ಮನೆಗೆ ಎರಡು ಎಡಗಿಟಕಿಗಳು ದೊರೆಯುತ್ತವೆ; ಒಂದು ಹಿರಿಯರಿಗೆ, ಒಂದು ಮಕ್ಕಳಿಗೆ. ಬೇಕಾದ ಸ್ಥಾನವನ್ನು ಮುಂಚಿತವಾಗಿ ಆರಿಸಿಕೊಳ್ಳಲು ಬಹಳಷ್ಟು ಸಂಸ್ಥೆಗಳು ಬೇರೆ ಹಣ ಕೇಳುತ್ತವೆ. ಎಲ್ಲರಿಗೂ ಕೊಡುವುದು ದುಬಾರಿಯೆನಿಸಿದರೆ ಒಂದೇ ಒಂದು ಸ್ಥಾನಕ್ಕಾದರೂ ಕೊಟ್ಟು, ಹೋಗುವಾಗ ಎಡಗಿಟಕಿಯನ್ನು ಹಿರಿಯರ ಹೆಸರಿಗೇ ಬರೆಸಿಬಿಡುವುದು ಮೇಲು. ಹೆಸರಿಗೆ ಬರೆದದ್ದನ್ನು ಅವರು ಬೇಡವೆನ್ನಲಾರರು. ಯಾತ್ರೆಯಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚಿನ ಹಣ ಉಪಯೋಗಕ್ಕೆ ಬಾರದ ಸಾಮಾನುಗಳಿಗೆ ವೆಚ್ಚವಾಗುತ್ತದೆ. ಕಾಠ್ಮಂಡುವನ್ನು ಸೇರಿದ ಮೇಲೂ ಒಂದು ಅವಕಾಶವುಂಟು. ಪರ್ವತದರ್ಶನಕ್ಕೆಂದೇ ಅಲ್ಲಿಂದ ಬೆಳಗಿನ ಹೊತ್ತು ಒಂದು ಗಂಟೆಯ ವಿಮಾನಗಳು ಹಾರುತ್ತವೆ. ಅವುಗಳಲ್ಲಿ ಕಿಟಕಿಯ ಸ್ಥಾನಗಳನ್ನು ಮಾತ್ರ ಮಾರುವ ಪದ್ಧತಿಯಿದೆ. ಹೋಗುವಾಗ ಎಡದವರಿಗೆ, ತಿರುಗಿ ಬರುವಾಗ ಬಲದವರಿಗೆ ದರ್ಶನ. ಜಗಳಕ್ಕೆ ಆಸ್ಪದವಿಲ್ಲ.

ಯಾವ ಪಕ್ಕ ಕುಳಿತರೂ ಫಲವಿಲ್ಲದ ದಾರಿಗಳೂ ಕೆಲವಿವೆ. ಬೆಂಗಳೂರಿನಿಂದ ನೇರವಾಗಿ ಬಾಗ್ಡೋಗ್ರಾಕ್ಕೆ ಹೋಗುವ ವಿಮಾನವು ಪರ್ವತದತ್ತಲೇ ಮೂಗುಮಾಡಿ ಹಾರುತ್ತದೆ; ನೋಟವೆಲ್ಲ ಚಾಲಕರಿಗೆ, ಪ್ರಯಾಣಿಕರಿಗೆ ತಿರುವಿನಲ್ಲಿ ಸಿಕ್ಕಿದಷ್ಟು. ಸಮಯ ಉಳಿಯುವುದೇನೋ ನಿಜ. ದೆಹಲಿಯಿಂದ ಲೇಹ್‌ಗೆ ಹೋಗುವವರ ಪಾಡು ಇದಕ್ಕೆ ವಿರುದ್ಧ. ಅಲ್ಲಿ ವಿಮಾನ ಹಿಮಾಲಯವನ್ನು ಅಡ್ಡಲಾಗಿ ದಾಟಿ, 3200 ಮೀಟರಿಗೂ ಎತ್ತರದಲ್ಲಿರುವ ನಿಲ್ದಾಣಕ್ಕೆ ಬೆಟ್ಟಗಳ ನಡುವೆ ಇಳಿಯುವುದರಿಂದ ಎರಡು ಪಕ್ಕವೂ ಒಂದನ್ನೊಂದು ಮೀರಿಸುತ್ತವೆ. ರೆಕ್ಕೆಯ ಮೇಲೆ ಕುಳಿತುಕೊಳ್ಳದಿದ್ದರೆ ಸಾಕು. ಇನ್ನು, 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮಹಿಳಾ ಚಾಲಕಿಯರೇ ನಡೆಸಿಕೊಂಡು ಬಂದ ಏರ್ ಇಂಡಿಯಾ ವಿಮಾನ ಉತ್ತರಧ್ರುವದ ಮೇಲೆ ಹಾದುಬಂದಿತು. ಧ್ರುವದ ಮೇಲೆ ಎಡಕ್ಕೂ ದಕ್ಷಿಣ, ಬಲಕ್ಕೂ ದಕ್ಷಿಣ, ಮುಂದೆ ಹಿಂದೆಯೂ ದಕ್ಷಿಣವೇ. ಜನವರಿಯಲ್ಲಿ ಅಲ್ಲಿ ಹಗಲೂ ಇಲ್ಲ.

ದಿಕ್ಕಿನಷ್ಟೇ ಮುಖ್ಯನಾದವನು ಸೂರ್ಯ. ಬಿಸಿಲು ಬೀಳುವ ಕಿಟಕಿಯ ಗಾಜಿನಲ್ಲಿರುವ ಸಣ್ಣ ಗೀರುಗಳೆಲ್ಲ ಉರಿದೆದ್ದು ಹೊರಗಿನ ದೃಶ್ಯವನ್ನು ಮಂಕಾಗಿಸುತ್ತವೆ. ಅದರ ಎದುರು ಪಕ್ಕದಲ್ಲಿ ಕುಳಿತವರಿಗೆ ಬೆಟ್ಟಗುಡ್ಡಗಳ ಬಣ್ಣವೂ ಮಡಿಕೆಯೂ ಸ್ಪಷ್ಟ. ಕರ್ಕಾಟಕ ಸಂಕ್ರಾಂತಿವೃತ್ತಕ್ಕಿಂತ ಉತ್ತರದ ಊರುಗಳಲ್ಲಿ ನಡುಹಗಲಿನ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ಇರುತ್ತಾನೆ. ದೆಹಲಿಯಿಂದ ಪೂರ್ವಕ್ಕೆ ಹಾರುವವರಿಗೆ ಇದು ತಾನಾಗಿಯೇ ಒದಗಿದ ಅನುಕೂಲ: ಬಿಸಿಲು ಬಲಕ್ಕೆ, ಬೆಳಗುವ ಹಿಮಾಲಯ ಎಡಕ್ಕೆ. ಆದರೆ ಇದೇ ಸೂತ್ರವನ್ನು ಬೆಂಗಳೂರಿಗೆ ತಂದರೆ ಕೆಲವು ತಿಂಗಳು ಮೋಸಹೋಗಬೇಕಾಗುತ್ತದೆ. ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಮತ್ತೊಮ್ಮೆ ಬೆಂಗಳೂರಿನಲ್ಲಿ ನಡುಹಗಲಿನ ಸೂರ್ಯ ನೇರವಾಗಿ ನೆತ್ತಿಯ ಮೇಲೆ ಬಂದು ಕಂಬಗಳ ನೆರಳು ಕಾಲಡಿಯಲ್ಲಿಯೇ ಅಡಗುತ್ತದೆ. ಈ ಎರಡು ದಿನಗಳ ನಡುವೆ ಅವನು ನಮಗೆ ಉತ್ತರದವನು. ಬೆಳಿಗ್ಗೆ ಸಂಜೆಗಳ ಲೆಕ್ಕ ಸರಳ. ಬೆಂಗಳೂರಿನಿಂದ ದೆಹಲಿಗೆ ಮುಂಜಾನೆ ಹೊರಟವರಿಗೆ ಬಲಗಡೆ ಬಿಸಿಲು, ಸಂಜೆ ಹೊರಟವರಿಗೆ ಎಡಗಡೆ.

ಹಾಗೆಂದು ಬಿಸಿಲಿನ ಪಕ್ಕವನ್ನು ಪೂರ್ತಿಯಾಗಿ ಹಳಿಯುವಂತಿಲ್ಲ. ಬೆಟ್ಟ ನೋಡಬೇಕೆಂದರೆ ಸೂರ್ಯನಿಗೆ ಬೆನ್ನುಹಾಕಬೇಕು. ನೀರು ನೋಡಬೇಕೆಂದರೆ ಅವನ ಕಡೆಗೇ ತಿರುಗಬೇಕು. ಸೂರ್ಯನಿರುವ ಪಕ್ಕದ ನೀರು ಮಾತ್ರವೇ ಅವನನ್ನು ಪ್ರತಿಫಲಿಸಿ ಹೊಳೆಯಬಲ್ಲದು. ಮಳೆಗಾಲ ಮುಗಿದ ಮೇಲೆ ಮೈಸೂರು ಸೀಮೆಯ ಮೇಲೆ ಬೆಳಗಿನಲ್ಲಿ ಹಾರುವಾಗ ಬಿಸಿಲಿನ ಪಕ್ಕದಲ್ಲಿ ಕುಳಿತವರು ಈ ಚಮತ್ಕಾರವನ್ನು ಕಾಣಬಹುದು. ಕಂದು ಬಯಲಿನಲ್ಲಿ ಒಂದು ಕೆರೆ ಕನ್ನಡಿಯಂತೆ ಮಿಂಚಿ ಆರುತ್ತದೆ, ಮುಂದಿನದು ಹೊತ್ತಿಕೊಳ್ಳುತ್ತದೆ, ಅದರಾಚೆಗೆ ಇನ್ನೊಂದು. ಒಂದರ ಕೋಡಿಯ ನೀರು ಇನ್ನೊಂದಕ್ಕೆ ಹೋಗುವಂತೆ ಹಿಂದಿನವರು ಕಟ್ಟಿದ ಕೆರೆಗಳ ಸರಪಳಿಯನ್ನು ಪುಸ್ತಕದಲ್ಲಿ ಓದುವುದಕ್ಕಿಂತ ಹೀಗೆ ನೋಡಿದಾಗ ಬೇಗ ಅರ್ಥವಾಗುತ್ತದೆ.

ನೆರಳಿನ ಪಕ್ಕದವರಿಗೂ ಒಂದು ರಹಸ್ಯವುಂಟು. ಕೆಳಗೆ ಬಿಳಿಯ ಮೋಡ ಹಾಸಿರುವಾಗ ಸೂರ್ಯನಿಗೆ ನೇರ ವಿರುದ್ಧವಾದ ದಿಕ್ಕಿನಲ್ಲಿ ಮೋಡದ ಮೇಲೆ ಕಣ್ಣಾಡಿಸಿದರೆ, ವಿಮಾನದ ಪುಟ್ಟ ನೆರಳೂ ಅದರ ಸುತ್ತ ಬಣ್ಣಬಣ್ಣದ ಉಂಗುರಗಳೂ ಜೊತೆಜೊತೆಯಾಗಿ ಓಡಿಬರುವುದು ಕಾಣುತ್ತದೆ. ಮೋಡದ ಅತಿ ಸಣ್ಣ ಹನಿಗಳು ಬೆಳಕನ್ನು ಬಂದ ದಾರಿಗೇ ಹಿಂದಿರುಗಿಸುವುದರಿಂದ ಹುಟ್ಟುವ ಪ್ರಭಾವಳಿ ಇದು. ಕೆಂಪು ಬಣ್ಣ ಉಂಗುರದ ಹೊರಅಂಚಿಗೆ ಇರುತ್ತದೆ. ನೆರಳು ದೊಡ್ಡದಾಗಿ ಕಾಣುವಾಗ ಗಮನಿಸಿದರೆ, ಪ್ರಭಾವಳಿಯ ನಡುಬಿಂದು ವಿಮಾನದ ನೆರಳಿನಲ್ಲಿ ನೋಡುವವನು ಕುಳಿತ ಜಾಗದ ಮೇಲೆಯೇ ಇರುತ್ತದೆ. ಮುಂದಿನ ಸಾಲಿನವನಿಗೆ ಮುಂದೆ, ಹಿಂದಿನ ಸಾಲಿನವನಿಗೆ ಹಿಂದೆ. ಪ್ರತಿಯೊಬ್ಬರಿಗೂ ಅವರವರದೇ ಪ್ರಭಾವಳಿ. ಸೂರ್ಯಾಸ್ತದ ವೇಳೆ ಎಲ್ಲರೂ ಪಶ್ಚಿಮದ ಕಿಟಕಿಗಾಗಿ ಕೊರಳು ಚಾಚುವರಾದರೂ, ಪೂರ್ವದ ಕಿಟಕಿಯಲ್ಲಿ ಕುಳಿತವರು ನಿರಾಶರಾಗಬೇಕಾಗಿಲ್ಲ. ದಿಗಂತದಿಂದ ನೀಲಿಬೂದು ಬಣ್ಣದ ಪಟ್ಟಿಯೊಂದು ಮೆಲ್ಲನೆ ಮೇಲೇರುತ್ತದೆ, ಅದರ ತಲೆಯ ಮೇಲೆ ಗುಲಾಬಿ ಬಣ್ಣದ ಅಂಚು. ಆ ನೀಲಿಪಟ್ಟಿ ವಾಯುಮಂಡಲದ ಮೇಲೆ ಬಿದ್ದ ಭೂಮಿಯ ನೆರಳು.

ದಿಕ್ಕು, ಸೂರ್ಯ ಎರಡನ್ನೂ ಗೆದ್ದವರನ್ನು ಸೋಲಿಸಲು ರೆಕ್ಕೆ ಕಾದಿರುತ್ತದೆ. ಏರ್‌ಬಸ್ 320, ಬೋಯಿಂಗ್ 737 ಮೊದಲಾದ ವಿಮಾನಗಳಲ್ಲಿ ಸುಮಾರು ಹತ್ತರಿಂದ ಇಪ್ಪತ್ತರವರೆಗಿನ ಸಾಲುಗಳು ರೆಕ್ಕೆಯ ಮೇಲೆ ಬರುತ್ತವೆ. ಅಲ್ಲಿಂದ ಕೆಳಗಿನ ಲೋಕ ಕಾಣದು. ರೆಕ್ಕೆಗೆ ತೀರ ಹಿಂದಿನ ಸಾಲುಗಳಲ್ಲಿ ಎಂಜಿನ್ನಿನ ಬಿಸಿಗಾಳಿಯಿಂದ ಹೊರಗಿನ ದೃಶ್ಯ ನೀರಿನಲ್ಲಿ ಅಲುಗಾಡುವಂತೆ ತೋರುತ್ತದೆ. ಮುಂಭಾಗ ಉತ್ತಮ, ಅದು ದುಬಾರಿಯಾದರೆ ಬಾಲದ ಹತ್ತಿರದ ಸಾಲುಗಳು. ಬೋಯಿಂಗ್ 737ರಲ್ಲಿ ರೆಕ್ಕೆಗೆ ಸ್ವಲ್ಪ ಮುಂದೆ ಗೋಡೆಯೊಳಗೆ ಹವಾನಿಯಂತ್ರಣದ ಕೊಳವೆ ಹಾದುಹೋಗುವುದರಿಂದ 'ಕಿಟಕಿಯ ಸ್ಥಾನ'ವೆಂಬ ಹೆಸರಿದ್ದೂ ಕಿಟಕಿಯಿಲ್ಲದ ಆಸನವೊಂದು ಇರುತ್ತದೆ. ಹಣ ಕೊಟ್ಟು ಗೋಡೆ ನೋಡುವುದು ಬೇಡವೆನ್ನುವವರು ಆಸನಗಳ ನಕ್ಷೆಯನ್ನು ಮೊದಲೇ ಪರಿಶೀಲಿಸುವುದು ಕ್ಷೇಮ. ಸಣ್ಣ ಊರುಗಳಿಗೆ ಹಾರುವ ಎಟಿಆರ್ ವಿಮಾನದ ಸೊಗಸೇ ಬೇರೆ. ಅದರ ರೆಕ್ಕೆ ಕಿಟಕಿಗಳಿಗಿಂತ ಮೇಲೆ, ಕೊಡೆ ಹಿಡಿದಂತೆ ಇರುವುದರಿಂದ ಕೆಳಗಿನ ನೋಟಕ್ಕೆ ಅಡ್ಡಿಯಿಲ್ಲ. ಹಾರುವುದೂ ದೊಡ್ಡ ವಿಮಾನಗಳಷ್ಟು ಎತ್ತರದಲ್ಲಿ ಅಲ್ಲ. ಪಂಖದ ವಿಮಾನವೆಂದು ಮೂಗು ಮುರಿಯುವವರು ದೃಶ್ಯವನ್ನು ಬಲ್ಲವರಲ್ಲ.

ನಮ್ಮ ನಾಡಿನೊಳಗೆ ಈ ವಿದ್ಯೆಯನ್ನು ಪರೀಕ್ಷಿಸಲು ಬೆಂಗಳೂರು–ಮಂಗಳೂರು ದಾರಿಯೊಂದೇ ಸಾಕು. ವಿಮಾನ ಹೆಚ್ಚುಕಡಿಮೆ ನೇರವಾಗಿ ಪಶ್ಚಿಮಕ್ಕೆ ಹಾರಿದರೆ ಎಡಗಡೆ ಗೊರೂರಿನ ಹೇಮಾವತಿ ಜಲಾಶಯ, ಅದರಾಚೆಗೆ 1712 ಮೀಟರಿನ ಕುಮಾರಪರ್ವತ. ಬಲಗಡೆ ರಾಜ್ಯದ ಅತ್ಯುನ್ನತ ಶಿಖರವಾದ, ಸುಮಾರು 1930 ಮೀಟರಿನ ಮುಳ್ಳಯ್ಯನಗಿರಿ, ಅನಂತರ ಕುದುರೆಮುಖ. ಬೆಟ್ಟಗಳ ಮೋಹವುಳ್ಳವರು ಬಲವನ್ನು ಹಿಡಿಯಬೇಕು. ನೆಲ ಮೆಲ್ಲಮೆಲ್ಲನೆ ಹಸಿರಾಗುತ್ತ, ಏರುತ್ತ ಹೋಗಿ, ಇದ್ದಕ್ಕಿದ್ದಂತೆ ಕತ್ತರಿಸಿಟ್ಟಂತೆ ಕೆಳಗಿಳಿದು ಕರಾವಳಿಯಾಗುವುದನ್ನು ನೋಡಿದ ಮಗುವಿಗೆ ಘಟ್ಟದ ಮೇಲೆ, ಘಟ್ಟದ ಕೆಳಗೆ ಎಂಬ ಮಾತಿನ ಅರ್ಥವನ್ನು ಮತ್ತೆ ಬಿಡಿಸಿ ಹೇಳಬೇಕಾಗುವುದಿಲ್ಲ. ಮುಂಬಯಿಗೆ ಹೋಗುವವರಿಗೆ ಘಟ್ಟವೂ ಸಮುದ್ರವೂ ಎಡಗಡೆ. ಸಂಜೆಯ ಬಿಸಿಲೂ ಎಡಗಡೆಯೇ ಆದ್ದರಿಂದ ಬೆಳಗಿನ ವಿಮಾನವಿದ್ದರೆ ಮಾತ್ರ ಎಡವನ್ನು ಆರಿಸಿದರೆ ಸಾಕು.

ಛಾಯಾಚಿತ್ರದ ಹವ್ಯಾಸವುಳ್ಳವರು ನೆನಪಿಡಬೇಕಾದ ಒಂದು ಮಾತುಂಟು. ಬಾಗ್ಡೋಗ್ರಾ, ಲೇಹ್, ಪುಣೆ ಮೊದಲಾದ ನಿಲ್ದಾಣಗಳು ರಕ್ಷಣಾಪಡೆಗಳಿಗೆ ಸೇರಿದವು. ಅಲ್ಲಿ ಇಳಿಯುವಾಗ, ಏರುವಾಗ, ನೆಲದ ಮೇಲಿರುವಾಗ ಚಿತ್ರ ತೆಗೆಯುವುದು ನಿಷಿದ್ಧ. ಗಗನಸಖಿಯಿಂದ ಹೇಳಿಸಿಕೊಳ್ಳುವ ಮೊದಲೇ ಮೊಬೈಲನ್ನು ಒಳಗಿಡುವುದು ಮರ್ಯಾದೆ.

ಹಿಂದಿರುಗಿ ಬಂದು ಬೆಂಗಳೂರಿನಲ್ಲಿ ಇಳಿಯುವಾಗಲೂ ಕಿಟಕಿಯ ಕೆಲಸ ಮುಗಿದಿರುವುದಿಲ್ಲ. ದೇವನಹಳ್ಳಿಯ ಬಳಿ 2008ರಲ್ಲಿ ತೆರೆದ ನಿಲ್ದಾಣದ ಓಟದ ದಾರಿಗಳು ಪೂರ್ವಪಶ್ಚಿಮವಾಗಿ ಮಲಗಿವೆ. 1478 ಮೀಟರಿನ ನಂದಿಬೆಟ್ಟ ಅವುಗಳ ಉತ್ತರಕ್ಕೆ. ವಿಮಾನಗಳು ಗಾಳಿಗೆ ಎದುರಾಗಿ ಇಳಿಯುವುದು ವಾಡಿಕೆ. ಮುಂಗಾರಿನ ಪಡುವಣ ಗಾಳಿ ಬೀಸುವಾಗ ಅವು ಪೂರ್ವದಿಂದ ಬಂದು ಪಶ್ಚಿಮಕ್ಕೆ ಮುಖಮಾಡಿ ಇಳಿಯುತ್ತವೆ, ಆಗ ನಂದಿ ಬಲಗಿಟಕಿಗೆ. ಚಳಿಗಾಲದ ಮೂಡಣ ಗಾಳಿಯಲ್ಲಿ ಪೂರ್ವಾಭಿಮುಖವಾಗಿ ಇಳಿಯುವಾಗ ಎಡಗಿಟಕಿಗೆ. ಡಿಸೆಂಬರಿನ ಮುಂಜಾನೆ ಬೆಟ್ಟದ ಸುತ್ತ ಮಂಜು ತುಂಬಿ, ನೆತ್ತಿಯಷ್ಟೇ ಮೇಲೆ ಉಳಿದಿರುತ್ತದೆ. ಕಾಠ್ಮಂಡುವಿನ ದಾರಿಯಲ್ಲಿ ನಿದ್ದೆಹೋಗಿದ್ದ ಮೊಮ್ಮಗನನ್ನು ಆ ಹೊತ್ತಿಗೆ ಎಬ್ಬಿಸಿ, ಅಜ್ಜಿಯ ಮಡಿಲ ಮೇಲಿಂದ ಬಾಗಿ ನೋಡಿಸಬಹುದು.